ಎಲೆ ಉಳಿಯಿತು, ಆಟ ಎಲ್ಲಿ ಹೋಯಿತು?



ಕಾಚಿಗುಡದಲ್ಲಿ ಬೆಂಗಳೂರಿನ ರೈಲು ಹತ್ತಿದವರಿಗೆ ಈ ದೃಶ್ಯ ಹೊಸದೇನಲ್ಲ. ಗಾಡಿ ಹೊರಟು ಇನ್ನೂ ಅರ್ಧ ಗಂಟೆ ಆಗಿರುವುದಿಲ್ಲ. ಎದುರು ಸೀಟಿನವರು ಎರಡು ಸೂಟ್‌ಕೇಸ್ ಜೋಡಿಸಿ, ಮೇಲೊಂದು ಟವೆಲ್ ಹಾಸಿ, ಇಸ್ಪೀಟು ಕಟ್ಟು ಹೊರಗೆ ತೆಗೆಯುತ್ತಾರೆ. "ಬರ್ತೀರಾ ಸರ್? ಒಂದು ಕೈ ಕಮ್ಮಿ ಇದೆ" ಅಂತ ಗುರುತು ಪರಿಚಯ ಇಲ್ಲದ ನಿಮ್ಮನ್ನೂ ಕರೆಯುತ್ತಾರೆ. ಆಡುವವರ ಭಾಷೆ ಕನ್ನಡವೋ ತೆಲುಗೋ ದಖ್ಖನಿ ಉರ್ದುವೋ, ಏನಾದರೂ ಆಗಲಿ, ಎಕ್ಕ ಯಾವುದು ರಾಜ ಯಾವುದು ಅಂತ ಎಲ್ಲರಿಗೂ ಗೊತ್ತು. ಮೆಹಬೂಬನಗರ ದಾಟುವಷ್ಟರಲ್ಲಿ ನೀವೆಲ್ಲ ಹಳೇ ಗೆಳೆಯರು!

ಈಗ ನಿಮಗೊಂದು ಪ್ರಶ್ನೆ. ಈ 52 ಎಲೆಗಳ ಕಟ್ಟು ನಮ್ಮ ಊರುಗಳಿಗೆ ಬರುವ ಮೊದಲು ನಮ್ಮ ಜನ ಯಾವ ಎಲೆ ಹಿಡಿದು ಆಡುತ್ತಿದ್ದರು?

ಉತ್ತರ ನಿಮ್ಮ ಕಣ್ಣಿಗೆ ಬಿದ್ದಿರುವ ಸಾಧ್ಯತೆ ಇದೆ, ಗುರುತಿಸಿರಲಿಕ್ಕಿಲ್ಲ ಅಷ್ಟೇ. ಕರಕುಶಲ ಮೇಳಗಳಲ್ಲಿ ಬಿಲ್ಲೆಯಂಥ ದುಂಡನೆಯ ಪುಟ್ಟ ಚಿತ್ರಗಳನ್ನು ಸಾಲಾಗಿ ಜೋಡಿಸಿ ಫ್ರೇಮ್ ಹಾಕಿ ಮಾರುತ್ತಾರಲ್ಲ, ಒಂದರಲ್ಲಿ ಮತ್ಸ್ಯ, ಇನ್ನೊಂದರಲ್ಲಿ ನರಸಿಂಹ, ಮತ್ತೊಂದರಲ್ಲಿ ಕಲ್ಕಿ? ಅದನ್ನು ಕೊಂಡು ನಾವು ಹಾಲ್‌ನ ಗೋಡೆಗೆ ನೇತು ಹಾಕುತ್ತೇವೆ. ಆದರೆ ಅದು ಗೋಡೆಗೆ ಹಾಕಲು ಮಾಡಿದ ಚಿತ್ರ ಆಗಿರಲಿಲ್ಲ. ಕೈಯಲ್ಲಿ ಹಿಡಿದು ಆಡಲು ಮಾಡಿದ ಎಲೆ ಅದು. ಅದರ ಹೆಸರು ಗಂಜೀಫಾ.

ಹಾವಿನ ರಾಜ, ಹಡಗಿನ ರಾಜ

ಗಂಜೀಫಾ ನಮ್ಮ ಕಡೆ ಬಂದದ್ದು ಪರ್ಷಿಯಾದ ದಾರಿಯಿಂದ. ಭಾರತದಲ್ಲಿ ಈ ಹೆಸರು ಬರೆದಿಟ್ಟಿರುವ ಮೊದಲಿಗರಲ್ಲಿ ಮೊಘಲ್ ದೊರೆ ಬಾಬರ್ ಒಬ್ಬ. ಸಿಂಧ್‌ನ ಶಾ ಹಸನ್‌ಗೆ ಈ ಆಟ ಬಹಳ ಇಷ್ಟವಂತೆ, ಕೇಳಿ ಕಳುಹಿಸಿದ್ದನಂತೆ. ಅವನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ವಿಷಯವನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ 1527ರ ಘಟನೆಗಳ ನಡುವೆ ಬರೆದಿದ್ದಾನೆ.

ಬಾಬರನ ಮೊಮ್ಮಗ ಅಕ್ಬರನ ಕಾಲಕ್ಕೆ ಬಂದರೆ ಈ ಎಲೆಗಳೊಳಗೆ ಒಂದು ಇಡೀ ಲೋಕವೇ ಇತ್ತು. ಅಬುಲ್ ಫಜಲ್ ತನ್ನ 'ಐನ್-ಎ-ಅಕ್ಬರಿ'ಯಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ನಮ್ಮ ಇಸ್ಪೀಟಿನಲ್ಲಿ ಆಟೀನು, ಡೈಮನ್ನು ಅಂತ ನಾಲ್ಕು ಜಾತಿ ಇದ್ದರೆ, ಅಲ್ಲಿ ಹನ್ನೆರಡು ಜಾತಿ. ಒಂದೊಂದಕ್ಕೆ ಹನ್ನೆರಡು ಎಲೆ, ಒಟ್ಟು 144. ಹನ್ನೆರಡು ಜಾತಿಗೆ ಹನ್ನೆರಡು ರಾಜರು. ಕುದುರೆಗಳ ರಾಜ ಅಶ್ವಪತಿ, ಆನೆಗಳ ರಾಜ ಗಜಪತಿ, ಕಾಲಾಳುಗಳ ರಾಜ ನರಪತಿ. ಕೋಟೆಗೊಬ್ಬ, ಖಜಾನೆಗೊಬ್ಬ, ಹಡಗುಗಳಿಗೊಬ್ಬ ರಾಜ. ಒಂದು ಜಾತಿಯಲ್ಲಿ ಸಿಂಹಾಸನದ ಮೇಲೆ ಕೂತಿರುವುದು ರಾಜನಲ್ಲ, ರಾಣಿ. ಇಷ್ಟಾದ ಮೇಲೆ ಭೂಲೋಕ ಬಿಟ್ಟು ಮೇಲಕ್ಕೆ ಹೋಗುತ್ತದೆ ಆಟ. ದೇವತೆಗಳ ರಾಜ ಇಂದ್ರ, ಅಸುರರ ರಾಜನ ಜಾಗದಲ್ಲಿ ದಾವೂದನ ಮಗ ಸುಲೇಮಾನ, ಕಾಡು ಮೃಗಗಳ ರಾಜ, ಕೊನೆಗೆ ಹಾವಿನ ಮೇಲೆ ಸವಾರಿ ಹೊರಟ ಹಾವುಗಳ ರಾಜ. ಒಂದೇ ಕಟ್ಟಿನಲ್ಲಿ ಇಂದ್ರನೂ ಇದ್ದಾನೆ, ಸುಲೇಮಾನನೂ ಇದ್ದಾನೆ ನೋಡಿ!

ಆದರೆ ಜನರಲ್ಲಿ ಹೆಚ್ಚು ಓಡಾಡಿದ್ದು ಇದಕ್ಕಿಂತ ಚಿಕ್ಕ ಕಟ್ಟು, ಎಂಟು ಜಾತಿಯ 96 ಎಲೆಗಳದ್ದು. ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಗುಲಾಮ, ತಂತಿ ವಾದ್ಯ, ಚಿನ್ನದ ನಾಣ್ಯ, ಹುಕುಂ ಚೀಟಿ, ಸರಕು ಎಂಬ ಈ ಎಂಟರಲ್ಲಿ ಒಂದು ದರ್ಬಾರು ನಡೆಯಲು ಬೇಕಾದ್ದೆಲ್ಲ ಬಂದುಬಿಟ್ಟಿತು. ಪ್ರತಿ ಜಾತಿಯಲ್ಲಿ ಒಬ್ಬ ರಾಜ, ಒಬ್ಬ ವಜೀರ, ಆಮೇಲೆ ಒಂದರಿಂದ ಹತ್ತರವರೆಗೆ ಎಲೆಗಳು.

ಈ ಆಟ ಊರೂರು ತಿರುಗಿ ಹಳ್ಳಿಗಾಡಿನ ಚಿತ್ರಗಾರರ ಕೈಗೆ ಬಂದಾಗ ದಶಾವತಾರದ ವೇಷ ಹಾಕಿತು. ಹತ್ತು ಅವತಾರಕ್ಕೆ ಹತ್ತು ಜಾತಿ, ಒಟ್ಟು 120 ಎಲೆ. ವಜೀರ ಹೋಗಿ ಪ್ರಧಾನ ಬಂದ. ಕತ್ತಿ, ಕಿರೀಟದ ಜಾಗದಲ್ಲಿ ಮೀನು, ಆಮೆ, ಕೊಡಲಿ, ಬಾಣ ಬಂದವು. ಒಡಿಶಾ, ಬಂಗಾಳದ ಬಿಷ್ಣುಪುರ, ಮಹಾರಾಷ್ಟ್ರದ ಸಾವಂತವಾಡಿ, ನಮ್ಮ ಮೈಸೂರು... ಒಂದೊಂದು ಊರಿನದು ಒಂದೊಂದು ಬಗೆ. ಶ್ರೀಮಂತರ ಮನೆಗೆ ದಂತದ ಎಲೆ, ಬಡವರ ಮನೆಗೆ ಬಟ್ಟೆಗೆ ಅಂಟು ಬಳಿದು, ಒಣಗಿಸಿ, ಬಣ್ಣ ಹಚ್ಚಿದ ಎಲೆ.

ಆಡುವುದು ಹೇಗೆ?

ಸಾಮಾನ್ಯವಾಗಿ ಮೂವರು ಕೂರುತ್ತಾರೆ. 96 ಎಲೆಯ ಆಟವಾದರೆ ತಲೆಗೆ 32, ದಶಾವತಾರವಾದರೆ ತಲೆಗೆ 40. ಹೌದು, ಒಂದು ಕೈಯಲ್ಲಿ 40 ಎಲೆ! ಅದಕ್ಕೇ ಎಲೆ ಪುಟ್ಟದಾಗಿ ದುಂಡಗೆ ಇರುವುದು, ಒಂದೊಂದು ಜಾತಿಗೆ ಒಂದೊಂದು ಹಿನ್ನೆಲೆ ಬಣ್ಣ ಇರುವುದು. ಅಂಚು ಒಂದಿಷ್ಟು ಕಂಡರೆ ಸಾಕು, ಯಾವ ಜಾತಿ ಅಂತ ತಿಳಿಯುತ್ತದೆ.

ಮೊದಲು ಯಾರು ಆಡಬೇಕು? ಇದಕ್ಕೊಂದು ಚೆಂದದ ನಿಯಮ ಇದೆ. ಹಗಲಿನಲ್ಲಿ ಆಡಿದರೆ ರಾಮನ ಎಲೆ ಯಾರ ಕೈಯಲ್ಲಿದೆಯೋ ಅವರು, ರಾತ್ರಿ ಆಡಿದರೆ ಕೃಷ್ಣನ ಎಲೆ ಇರುವವರು. ದರ್ಬಾರಿನ ಕಟ್ಟಿನಲ್ಲೂ ಹೀಗೇ. ಹಗಲಿಗೆ ಚಿನ್ನದ ನಾಣ್ಯದ ರಾಜ, ರಾತ್ರಿಗೆ ಬೆಳ್ಳಿ ನಾಣ್ಯದ ರಾಜ. ಒಂದು ಸೂರ್ಯ, ಒಂದು ಚಂದ್ರ ಅಂದುಕೊಳ್ಳಿ.

ಇನ್ನು ಎಲೆಯ ಬೆಲೆ. ರಾಜ ದೊಡ್ಡವನು, ಆಮೇಲೆ ಪ್ರಧಾನ. ಅಲ್ಲಿಂದ ಕೆಳಗೆ ಒಂದು ತಿರುವು ಇದೆ. ಅರ್ಧದಷ್ಟು ಜಾತಿಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಅರ್ಧದಲ್ಲಿ ಅದು ಉಲ್ಟಾ! ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ತುರುಪು ಅನ್ನುವುದಂತೂ ಇಲ್ಲವೇ ಇಲ್ಲ.

ತುರುಪು ಇಲ್ಲ ಅಂದರೆ ಏನರ್ಥ? ಅದೃಷ್ಟದ ಒಂದು ಎಲೆ ಬಂದು ನಿಮ್ಮನ್ನು ಕಾಪಾಡುವುದಿಲ್ಲ. ಕೈಯಲ್ಲಿ ರಾಮನ ಜಾತಿಯ ನಾಲ್ಕು ಇದೆ ಅಂದುಕೊಳ್ಳಿ. ಅದು ಈಗ ಗೆಲ್ಲುವ ಎಲೆಯೋ ಅಲ್ಲವೋ? ಅದಕ್ಕಿಂತ ದೊಡ್ಡ ಎಲೆಗಳೆಲ್ಲ ಬಿದ್ದು ಹೋಗಿದ್ದರೆ ಗೆಲ್ಲುತ್ತದೆ, ಒಂದೇ ಒಂದು ಬಾಕಿ ಇದ್ದರೂ ಅನುಮಾನ. ಬಿದ್ದಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ನಿಮ್ಮ ತಲೆ. ಹತ್ತು ಜಾತಿ, 120 ಎಲೆ, ಅದರಲ್ಲಿ ಯಾವುದು ಹೋಯಿತು ಯಾವುದು ಉಳಿಯಿತು ಅನ್ನುವ ಲೆಕ್ಕ ಮನಸ್ಸಿನಲ್ಲೇ ನಡೆಯುತ್ತಿರಬೇಕು. ಗಂಜೀಫಾದ ಜೀವ ಇರುವುದು ಇಲ್ಲಿ, ನೆನಪಿನಲ್ಲಿ.

ಮುಮ್ಮಡಿಯವರ ಹದಿಮೂರು ಆಟ

ಈಗ ನಮ್ಮ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಪಟ್ಟಕ್ಕೆ ಬಂದದ್ದು 1799ರಲ್ಲಿ, ಇನ್ನೂ ಮಗುವಾಗಿದ್ದಾಗ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಪಟ್ಟ ಉಳಿಯಿತು, ಅಧಿಕಾರ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ವಾಪಸು ಬರಲಿಲ್ಲ. ಆ ವರ್ಷಗಳಲ್ಲಿ ಅರಸರು ಗ್ರಂಥ, ಚಿತ್ರ, ಸಂಗೀತಗಳ ಜೊತೆಗೆ ಆಟಗಳಲ್ಲೂ ಮನಸ್ಸಿಟ್ಟರು. ಚದುರಂಗದಲ್ಲಿ ಕುದುರೆಯನ್ನು ಒಂದೇ ಮನೆಗೆ ಎರಡು ಸಲ ಹೋಗದಂತೆ ಎಲ್ಲ ಮನೆಗಳಲ್ಲೂ ನಡೆಸುವ ಸಮಸ್ಯೆ ಅವರಿಗೆ ಬಹಳ ಪ್ರಿಯವಾದದ್ದು.

ಅವರು ಸಿದ್ಧಪಡಿಸಿದ 'ಶ್ರೀತತ್ತ್ವನಿಧಿ'ಯ ಹೆಸರು ನೀವು ಕೇಳಿರುತ್ತೀರಿ. ದೇವತೆಗಳ ರೂಪ ಲಕ್ಷಣಗಳ ಆ ಬೃಹತ್ ಗ್ರಂಥದಲ್ಲಿ ಒಂಬತ್ತು ನಿಧಿಗಳು. ಒಂಬತ್ತನೆಯದು 'ಕೌತುಕನಿಧಿ'. ಅದರಲ್ಲಿ ಎಲೆಯಾಟಗಳ ವರ್ಣನೆ ಇದೆ. ಒಂದೆರಡಲ್ಲ, ಹದಿಮೂರು ಆಟ! ಅವುಗಳನ್ನು 'ಛದ' ಅಂತ ಕರೆದರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ನಾವು ಇವತ್ತಿಗೂ 'ಇಸ್ಪೀಟೆಲೆ', 'ಎಲೆ ಹಾಕು' ಅನ್ನುವುದಿಲ್ಲವೇ? ಅದೇ ಎಲೆ.

ಅತಿ ಚಿಕ್ಕ ಆಟಕ್ಕೆ 36 ಎಲೆ, ಅತಿ ದೊಡ್ಡದಾದ ಜಗನ್ಮೋಹನ ಛದಕ್ಕೆ 360. ಚಾಮುಂಡೇಶ್ವರಿ ಛದಕ್ಕೆ ಹದಿನಾರು ಜಾತಿಯ 320 ಎಲೆ. ನವಗ್ರಹ, ಪಂಚಪಾಂಡವ, ದಿಕ್ಪಾಲಕರ ಹೆಸರಿನಲ್ಲೂ ಆಟಗಳಿವೆ. ಅಕ್ಬರನ ಕಟ್ಟಿನಲ್ಲಿ ಒಂದು ಲೋಕ ಇದ್ದರೆ ಮೈಸೂರಿನ ಕಟ್ಟುಗಳಲ್ಲಿ ಹದಿಮೂರು ಲೋಕ.

ಆದರೆ ಮಿತ್ರರೇ, 320 ಎಲೆಯನ್ನು ನೆನಪಿಡುವವರು ಎಷ್ಟು ಜನ ಸಿಗುತ್ತಾರೆ? ಅರಮನೆಯ ಈ ಆಟಗಳು ಪೇಟೆ ಬೀದಿಗೆ ಇಳಿಯಲಿಲ್ಲ. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್ 20ನೇ ಶತಮಾನದಲ್ಲಿ ಭಾರತದ ಎಲೆಯಾಟಗಳನ್ನು ಹುಡುಕುತ್ತಾ ಹೊರಟು, ಮೈಸೂರಿನ ಛದಗಳ ಬಗ್ಗೆಯೇ ಬರೆದರು. ಆಮೇಲೆ ಗಂಜೀಫಾ ರಘುಪತಿ ಭಟ್ಟರು ಶ್ರೀರಂಗಪಟ್ಟಣ, ಮೈಸೂರಿನ ಕಡೆ ನೆಲೆ ನಿಂತು ಈ ಚಿತ್ರಕಲೆಗೆ ಮತ್ತೆ ಹೆಸರು ತಂದರು. ಮೈಸೂರು ಗಂಜೀಫಾ ಎಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಹೀಗೆ ಎಲೆ ಉಳಿಯಿತು. ಕೊಂಡವರಲ್ಲಿ ಬಹುಪಾಲು ಜನ ಅದನ್ನು ಚಿತ್ರವಾಗಿ ಕೊಂಡರು. ಆಡಲು ಕೂತವರು ತೀರಾ ಕಡಿಮೆ.

ನಮ್ಮ ಪಕ್ಕದ ನಿರ್ಮಲ್

ಮೈಸೂರು ದೂರ ಆಯಿತು ಅಂತೀರಾ? ಹೈದರಾಬಾದಿನಿಂದ ನಾಗಪುರದ ಹೆದ್ದಾರಿ ಹಿಡಿದು 200 ಕಿಲೋಮೀಟರಿಗಿಂತ ಸ್ವಲ್ಪ ಮುಂದೆ ಹೋದರೆ ನಿರ್ಮಲ್ ಸಿಗುತ್ತದೆ. ಮೊದಲು ಆದಿಲಾಬಾದ್ ಜಿಲ್ಲೆಯಲ್ಲಿತ್ತು, 2016ರಲ್ಲಿ ಅದೇ ಒಂದು ಜಿಲ್ಲೆಯಾಯಿತು. ಅಲ್ಲಿನ ಮರದ ಬೊಂಬೆ ನಿಮ್ಮ ಮನೆಯ ಷೋಕೇಸಿನಲ್ಲೂ ಇರಬಹುದು. ಆ ಬೊಂಬೆ, ಚಿತ್ರ ಮಾಡುವ ನಕಾಶಿ ಮನೆತನಗಳ ಊರಿನಲ್ಲಿ ಒಂದು ಕಾಲಕ್ಕೆ ಗಂಜೀಫಾ ಎಲೆಗಳನ್ನೂ ಮಾಡುತ್ತಿದ್ದರು. ಬೊಂಬೆ, ಚಿತ್ರಗಳಿಗೆ ಗಿರಾಕಿ ಉಳಿದರು. ಎಲೆಗೆ ಉಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆಡುವವರ ಕೈಗೆ ಬೇರೆ ಎಲೆ ಬಂದಿತ್ತು.

ಕಳಾವರ್, ಇಸ್ಪೀಟು, ತುರುಪು

ಆ ಬೇರೆ ಎಲೆ ಸಮುದ್ರದ ದಾರಿಯಲ್ಲಿ ಬಂದದ್ದು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ತಮ್ಮ ಎಲೆಗಳನ್ನು ತಂದರು. ಅದರ ಗುರುತು ನಮ್ಮ ಮಾತಿನಲ್ಲೇ ಕೂತಿದೆ. ನಾವು 'ಕಳಾವರ್' ಅನ್ನುವ ಜಾತಿಗೆ ಡಚ್ ಭಾಷೆಯಲ್ಲಿ 'ಕ್ಲಾವರ್' ಅಂತಾರೆ. ನಮ್ಮ 'ತುರುಪು' ಡಚ್ಚರ 'ಟ್ರುಫ್'ಗೆ ನೆಂಟ. ನಾಲ್ಕು ಜಾತಿಗಳಲ್ಲಿ ಒಂದಾದ 'ಸ್ಪೇಡ್' ನಮ್ಮ ಬಾಯಲ್ಲಿ 'ಇಸ್ಪೀಟು' ಆಗಿ, ಕೊನೆಗೆ ಇಡೀ ಆಟದ ಹೆಸರೇ ಆಗಿಬಿಟ್ಟಿತು! ಆದರೆ 'ಗುಲಾಮ' ಮಾತ್ರ ದರ್ಬಾರಿನ ಕಡೆಯ ಪದ. ಗಂಜೀಫಾದಲ್ಲಿ ಒಂದು ಜಾತಿಯ ಹೆಸರಾಗಿದ್ದ ಆ ಮಾತು ಈಗ ರಾಣಿಯ ಕೆಳಗಿನ ಎಲೆಯ ಹೆಸರು.

ಗಂಜೀಫಾ ಸೋತದ್ದು ಯಾಕೆ? ಲೆಕ್ಕ ಹಾಕಿ ನೋಡಿ. ಒಂದು ಕಡೆ 120 ಎಲೆ, ಒಂದೊಂದನ್ನೂ ಕೈಯಿಂದ ಬಿಡಿಸಬೇಕು. ಇನ್ನೊಂದು ಕಡೆ ಅಚ್ಚು ಹಾಕಿದ 52 ಎಲೆ, ಬೆಲೆ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಒಂದು ಎಲೆ ಹರಿದರೆ ಹೊಸ ಕಟ್ಟು. ಅರಮನೆಗಳ ಆಶ್ರಯವೂ ಕಡಿಮೆಯಾಯಿತು. ಯಾರೂ ಗಂಜೀಫಾವನ್ನು ನಿಷೇಧಿಸಲಿಲ್ಲ. ಕಲಿಸುವವರು ಒಬ್ಬೊಬ್ಬರಾಗಿ ಹೋದರು, ಕಲಿಯುವವರು ಬರಲಿಲ್ಲ, ಅಷ್ಟೇ.

ಸಿಕಂದರಾಬಾದಿನಿಂದ ಸುಪ್ರೀಂ ಕೋರ್ಟಿಗೆ

ಹಾಗಾದರೆ ಆ ನೆನಪಿನ ಆಟ ಪೂರ್ತಿ ಹೋಯಿತೇ? ಇಲ್ಲ. ಅದರ ಒಂದು ತುಣುಕು ರಮ್ಮಿಯಲ್ಲಿ ಉಳಿಯಿತು. ಇದನ್ನು ಹೇಳಿದ್ದು ದೇಶದ ಅತಿ ದೊಡ್ಡ ಕೋರ್ಟು. ಆ ಕೇಸು ಹುಟ್ಟಿದ್ದು ನಮ್ಮ ಸಿಕಂದರಾಬಾದಿನಲ್ಲಿ!

ರಮ್ಮಿ ಮೆಕ್ಸಿಕೋದ 'ಕಾಂಕಿಯನ್' ಎಂಬ ಆಟದಿಂದ ಬೆಳೆದದ್ದು ಎಂದು ಆಟಗಳ ಇತಿಹಾಸ ಬರೆದವರು ಹೇಳುತ್ತಾರೆ. ನಮ್ಮಲ್ಲಿ ಹದಿಮೂರು ಎಲೆಯ ರಮ್ಮಿ ಮನೆ ಮನೆಗೂ ಬಂತು, ಕ್ಲಬ್ಬುಗಳಿಗೂ ಬಂತು. 1963ರ ಮೇ ತಿಂಗಳಲ್ಲಿ ಪೊಲೀಸರು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ ಮೇಲೆ ದಾಳಿ ಮಾಡಿದರು. ಒಳಗೆ ಹಣ ಇಟ್ಟು ರಮ್ಮಿ ಆಡುತ್ತಿದ್ದರು. ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆಯ ಪ್ರಕಾರ ಕೇಸು ಬಿತ್ತು, ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಟ್ಟರು. ಹೈಕೋರ್ಟು ಶಿಕ್ಷೆ ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

1967ರ ನವೆಂಬರ್‌ನಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ಅವರ ವಾದ ಸರಳ. ಮೂರು ಎಲೆಯ ಆಟ ಬರೀ ಅದೃಷ್ಟ, ರಮ್ಮಿ ಹಾಗಲ್ಲ. ಎಲೆ ಕಲಸಿ ಹಂಚುವಾಗ ಅದೃಷ್ಟ ಇದ್ದೇ ಇರುತ್ತದೆ, ಅದು ಬ್ರಿಜ್ ಆಟದಲ್ಲೂ ಇದೆ. ಆದರೆ ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೂಗಿ ನೋಡಬೇಕು. ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ. ಜೊತೆಗೆ ಕೋರ್ಟು ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಆಡಿಸುವವರು ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು.

ಗಮನಿಸಿದಿರಾ? ಗಂಜೀಫಾದ ಜೀವ ಎಲ್ಲಿದೆ ಅಂತ ನಾವು ಹೇಳಿದೆವೋ ಕೋರ್ಟು ಬೆರಳಿಟ್ಟದ್ದೂ ಅಲ್ಲೇ, ಬಿದ್ದ ಎಲೆಯ ನೆನಪಿನ ಮೇಲೆ.

ಆಮೇಲೆ ಆಟ ಟವೆಲ್ ಬಿಟ್ಟು ಮೊಬೈಲಿಗೆ ಹೋಯಿತು. ಅಲ್ಲಿ ಎಲೆ ಹಂಚುವುದು ಯಂತ್ರ, ಜೋಡಿಸಿ ಕೊಡುವುದೂ ಯಂತ್ರ, ಎದುರಿಗೆ ಕೂತವರು ಯಾರೋ ಗೊತ್ತಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬರೇ ಕೂತು ಸಂಬಳ, ಸಾಲ, ಕೊನೆಗೆ ಮನೆ ಕಳೆದುಕೊಂಡವರ ಕತೆಗಳು ಬಂದವು. ತೆಲಂಗಾಣ 2017ರಲ್ಲೇ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ರಮ್ಮಿಗೆ ತಡೆ ಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದ ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಮನೆ ಹಾಳಾಗುವುದನ್ನು ಕಂಡವರು ಇದು ಬೇಕಿತ್ತು ಅಂತಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ.

ಆದರೆ ಹಣದ ಭಯಕ್ಕೆ ಎಲೆಯನ್ನೇ ಮನೆಯಿಂದ ಆಚೆ ಹಾಕಬೇಕೇ? ಶಿವರಾತ್ರಿ ಜಾಗರಣೆಯಲ್ಲಿ, ಮದುವೆ ಛತ್ರದ ಮೂಲೆಯಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನ ಅಜ್ಜಿಯ ಮನೆಯ ಜಗಲಿಯಲ್ಲಿ ಹುಣಸೆ ಬೀಜ ಪಣಕ್ಕಿಟ್ಟು ಆಡಿದ ಆಟಗಳಿಂದ ಯಾರ ಮನೆಯೂ ಹಾಳಾಗಲಿಲ್ಲ. ಮಕ್ಕಳಿಗೆ ಲೆಕ್ಕ ಬಂತು, ತಾಳ್ಮೆ ಬಂತು, ಸೋತು ನಗುವುದು ಬಂತು.

ನೀವೇ ಒಂದು ಸಲ ಆಡಿ ನೋಡಿ

ಗಂಜೀಫಾದ ರುಚಿ ನೋಡಲು 120 ಎಲೆ ಬೇಕಿಲ್ಲ. ಮನೆಯಲ್ಲಿರುವ ಇಸ್ಪೀಟು ಕಟ್ಟಿನಿಂದ ನಾಲ್ಕು ಗುಲಾಮರನ್ನು ತೆಗೆದಿಡಿ. ಉಳಿದದ್ದು 48. ಪ್ರತಿ ಜಾತಿಯಲ್ಲಿ ಗಂಜೀಫಾದ ಹಾಗೇ 12 ಎಲೆ. ರಾಜ, ಪ್ರಧಾನನ ಜಾಗದಲ್ಲಿ ರಾಣಿ, ಒಂದರಿಂದ ಹತ್ತು. ಮೂವರು ಕೂತರೆ ತಲೆಗೆ 16.

ಇಸ್ಪೀಟು, ಕಳಾವರ್ ಎರಡರಲ್ಲಿ ರಾಣಿಯ ಕೆಳಗೆ ಹತ್ತು ದೊಡ್ಡದು. ಆಟೀನು, ಡೈಮನ್ನು ಎರಡರಲ್ಲಿ ರಾಣಿಯ ಕೆಳಗೆ ಎಕ್ಕ ದೊಡ್ಡದು, ಆಮೇಲೆ ಎರಡು, ಮೂರು, ಹೀಗೆ ಹೋಗಿ ಹತ್ತು ಎಲ್ಲಕ್ಕಿಂತ ಚಿಕ್ಕದು. ಹಗಲಾದರೆ ಆಟೀನ್ ರಾಜ ಇರುವವರು, ರಾತ್ರಿಯಾದರೆ ಇಸ್ಪೀಟು ರಾಜ ಇರುವವರು ಮೊದಲು ಹಾಕಲಿ. ಹಾಕಿದ ಜಾತಿಯ ಎಲೆ ಇದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಯಾವುದಾದರೂ ಸರಿ. ಆ ಜಾತಿಯ ದೊಡ್ಡ ಎಲೆ ಗೆಲ್ಲುತ್ತದೆ, ಗೆದ್ದವರು ಮುಂದಿನ ಎಲೆ ಹಾಕುತ್ತಾರೆ. ತುರುಪು ಇಲ್ಲ. ಗೆದ್ದ ಎಲೆಗಳನ್ನು ಬೋರಲು ಇಡಬೇಕು, ತಿರುಗಿಸಿ ನೋಡುವ ಹಾಗಿಲ್ಲ. ಇದು ಹಳೇ ಆಟದ ಪೂರ್ತಿ ನಿಯಮ ಅಲ್ಲ, ಮನೆಮಟ್ಟಿಗೆ ಇಳಿಸಿದ್ದು. ಆದರೂ ಅರ್ಧ ಆಟ ಆಗುವಷ್ಟರಲ್ಲಿ "ಡೈಮನ್ ಎರಡು ಹೋಯ್ತಾ, ಇದೆಯಾ?" ಅಂತ ನಿಮ್ಮ ತಲೆ ಕೆರೆದುಕೊಳ್ಳುವಿರಿ. 48ಕ್ಕೇ ಹೀಗಾದರೆ 120 ಎಲೆ ಆಡುತ್ತಿದ್ದವರ ತಲೆ ಹೇಗಿದ್ದಿರಬೇಕು ಅಂತ ಆಗ ತಿಳಿಯುತ್ತದೆ.

ಇನ್ನೊಂದು ಕೆಲಸ. ಬೀದರ್, ಕಲಬುರಗಿ, ರಾಯಚೂರು, ಮೈಸೂರು, ಧಾರವಾಡ, ನಿಮ್ಮ ಊರು ಯಾವುದೇ ಇರಲಿ, ಈ ಸಲ ಹೋದಾಗ ಮನೆಯ ಹಿರಿಯರ ಪಕ್ಕ ಕೂತು ಕೇಳಿ. "ಅಜ್ಜಿ, ನೀವು ಚಿಕ್ಕವರಿದ್ದಾಗ ಯಾವ ಎಲೆಯಾಟ ಆಡ್ತಿದ್ರಿ? ಎಷ್ಟು ಎಲೆ? ಯಾರು ಮೊದಲು ಹಾಕ್ಬೇಕು?" ಅವರು ಹೇಳಿದ್ದನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಚಿತ್ರ ಬರೆದಿಟ್ಟ ಎಲೆ ಮ್ಯೂಸಿಯಂನಲ್ಲಿ ನೂರು ವರ್ಷ ಇರುತ್ತದೆ. ಆಡುವ ಬಗೆ ಮಾತ್ರ ಆಡಿದವರ ತಲೆಯಲ್ಲಿ ಇರುತ್ತದೆ, ಅವರ ಜೊತೆಗೇ ಹೋಗುತ್ತದೆ.

ಬರೆದದ್ದನ್ನು ನಮಗೂ ಕಳುಹಿಸಿ, ಕನ್ನಡ ಕಾರ್ಯಕ್ರಮದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳೋಣ. ಮುಂದಿನ ಸಲ ಕಾಚಿಗುಡದಲ್ಲಿ ರೈಲು ಹತ್ತಿದಾಗ "ಒಂದು ಕೈ ಕಮ್ಮಿ ಇದೆ" ಅಂತ ಯಾರಾದರೂ ಕರೆದರೆ, ಮೊಬೈಲ್ ಜೇಬಿಗೆ ಹಾಕಿ, ಹೋಗಿ ಕೂತುಬಿಡಿ. ಪಣ ಮಾತ್ರ ಕಡಲೆಕಾಯಿಗಿಂತ ಮೇಲೆ ಹೋಗದಿರಲಿ!

ಮತ್ತೆ ಸಿಗೋಣ.